ಲೂಬಾಳ ಆರು ಗಂಟೆ

"ಆರು ಗಂಟೆ ಕಮ್ಮಿ ಬೀಳ್ತಿದೆ ಮೇಡಂ," ಎಂದ ರೋದೆಲ್, ಕಡತದ ಒಂದು ಸಾಲಿನ ಮೇಲೆ ಪೆನ್ನಿನ ತುದಿ ಊರಿಕೊಂಡು.

"ಕಮ್ಮಿ ಹೇಗಾಗುತ್ತೆ? ಎರಡು ವರ್ಷಕ್ಕೆ ಮೂವತ್ತು ಗಂಟೆ ಕಲೀಬೇಕು ಅಂದ್ರಿ, ಮೂವತ್ತು ಬರೆದಿದ್ದೀನಿ. ನಿಮ್ಮ ಮಂಡಳೀಲಿ ಕೂಡೋಕೆ ಬರೋರು ಯಾರೂ ಇಲ್ವಾ?" ಎಂದಳು ಲೂಬಾ.

"ಕೂಡಿದ್ದು ಸರಿಯಾಗೇ ಇದೆ. ವೃದ್ಧಾಶ್ರಮದ ಕೆಲಸದವರಿಗೆ ಹಲ್ಲುಸೆಟ್ಟು ತೊಳೆಯೋದು ಹೇಗೆ ಅಂತ ಪಾಠ ಮಾಡಿದ್ದೀರಲ್ಲ, ಮೂರು ಗಂಟೇದು, ಅದನ್ನ ಮೂರು ಸಲ ಹಾಕಿದ್ದೀರಿ. ಒಂದೇ ಪಾಠ ಎಷ್ಟು ಸಲ ಮಾಡಿದ್ರೂ ಮೊದಲ ಸಲದ್ದು ಮಾತ್ರ ಲೆಕ್ಕ. ಎರಡನೇ ಸಲ ಹೇಳಿಕೊಡುವಾಗ ನೀವು ಹೊಸದೇನೂ ಕಲಿತಿರಲ್ಲ ಅನ್ನೋದು ನಿಯಮ."

"ಎರಡನೇ ಸಲಾನೇ ಕಣಪ್ಪ ಕಲಿಯೋದು. ಮೊದಲನೇ ಸಲ ಭಯದಲ್ಲೇ ಮುಗಿದುಹೋಗಿರುತ್ತೆ."

ಮುಂದಿನ ಕೋಣೆಯಿಂದ ಮರ್ಲೀನಳ ನಗು ಕೇಳಿಸಿತು. ಚಿಕಿತ್ಸಾಲಯದ ಫೋನು, ಬಾಗಿಲು ಎರಡನ್ನೂ ನೋಡಿಕೊಳ್ಳುವವಳು ಅವಳು. ಲೂಬಾಳ ತಮ್ಮನ ಹೆಂಡತಿ ಬೇರೆ. "ಅವಳ ಹತ್ರ ವಾದಕ್ಕೆ ಇಳೀಬೇಡ ತಮ್ಮಾ. ಮೂವತ್ತೈದು ವರ್ಷದಿಂದ ನೋಡ್ತಿದ್ದೀನಿ, ಒಂದು ಸಲಾನೂ ಗೆದ್ದಿಲ್ಲ ನಾನು."

ರೋದೆಲ್ ಮಕಾರಾಯೆಗ್‌ಗೆ ಮೂವತ್ತನಾಲ್ಕು. ಅವನೂ ಲೂಬಾಳ ಹಾಗೆ ಹಲ್ಲುಸೆಟ್ಟು ಕಟ್ಟುವವನೇ. ಸಸ್ಕಟೂನ್ ನಗರದಲ್ಲಿ ಸ್ವಂತ ಚಿಕಿತ್ಸಾಲಯವಿತ್ತು. ವರ್ಷಕ್ಕೆ ನಾಲ್ಕೈದು ಸಲ, ಈ ಕಸುಬಿಗೆ ಪರವಾನಗಿ ಕೊಡುವ ಮಂಡಳಿ ಅವನನ್ನು ಹೀಗೆ ತಪಾಸಣೆಗೆ ಕಳಿಸುತ್ತಿತ್ತು. ಬೆಳಿಗ್ಗೆ ಎಂಟಕ್ಕೇ ಬಂದು ಉಪಕರಣ ಕುದಿಸುವ ಯಂತ್ರದ ದಾಖಲೆ ನೋಡಿದ್ದ, ರೋಗಿಗಳ ಕಡತಗಳಲ್ಲಿ ಹತ್ತನ್ನು ತಾನೇ ಆರಿಸಿ ಓದಿದ್ದ, ಅಚ್ಚು ತೆಗೆಯುವ ತಟ್ಟೆಗಳನ್ನು ಬೆಳಕಿಗೆ ಹಿಡಿದು ನೋಡಿದ್ದ. ಎಲ್ಲಿಯೂ ಒಂದು ಕೊಂಕು ಸಿಕ್ಕಿರಲಿಲ್ಲ. ಸಿಕ್ಕಿದ್ದು ಈ ಆರು ಗಂಟೆ ಮಾತ್ರ.

ಆರು ಗಂಟೆ ಅಂದರೆ ದೊಡ್ಡ ವಿಷಯವಲ್ಲ ಅನ್ನಿಸಬಹುದು. ಆದರೆ ಏಪ್ರಿಲ್ ಮುಗಿಯುವುದರೊಳಗೆ ತುಂಬದಿದ್ದರೆ ಪರವಾನಗಿ ನವೀಕರಣವಾಗುವುದಿಲ್ಲ, ಬಾಗಿಲು ಮುಚ್ಚಬೇಕು. ತುಂಬಿದರೂ ಅಲ್ಲಿಯವರೆಗೆ ಮಂಡಳಿಯ ಪಟ್ಟಿಯಲ್ಲಿ ಲೂಬಾ ದೆರ್ಕಾಚ್ ಎಂಬ ಹೆಸರಿನ ಪಕ್ಕದಲ್ಲಿ 'ಷರತ್ತಿಗೆ ಒಳಪಟ್ಟು' ಎಂದು ಬೀಳುತ್ತದೆ. ಆ ಪಟ್ಟಿಯನ್ನು ಯಾರು ಬೇಕಾದರೂ ಕಂಪ್ಯೂಟರಿನಲ್ಲಿ ನೋಡಬಹುದು, ಈ ಊರಿನಲ್ಲಿ ನೋಡದೆ ಬಿಡುವವರು ಯಾರೂ ಇರಲಿಲ್ಲ. ಇನ್ನೊಬ್ಬ ಹಲ್ಲು ಕಟ್ಟುವವನು ಬೇಕೆಂದರೆ ನೂರೈವತ್ತು ಕಿಲೋಮೀಟರು ಹೋಗಬೇಕು. ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ಕರ್ಲಿಂಗ್ ಆಟದ ಅಂಗಳದಲ್ಲಿ ಮುದುಕರೆಲ್ಲ ಒಟ್ಟಿಗೆ ನಕ್ಕರೆ, ಅದರಲ್ಲಿ ಅರ್ಧ ನಗು ತಾನು ಕಟ್ಟಿದ್ದು ಎಂದು ಲೂಬಾಳಿಗೆ ಗೊತ್ತಿತ್ತು. ಅಂಥವಳ ಹೆಸರಿನ ಪಕ್ಕ ಷರತ್ತು!

"'ಸಮಾನ ಅನುಭವ' ಅಂತ ಒಂದು ಕಲಮು ಇದೆಯಲ್ಲ," ಎಂದಳು. "ತಪಾಸಣೆಗೆ ಬಂದವರು ಮನಸ್ಸು ಮಾಡಿದ್ರೆ ಅದರ ಕೆಳಗೆ ಬರೆದು ಗಂಟೆ ತುಂಬಿಸಬಹುದು. ನಾನೂ ನಿಯಮ ಓದ್ತೀನಿ."

ರೋದೆಲ್ ನಕ್ಕ. "ಇದೆ ಮೇಡಂ. ಇನ್ನೂ ನಿಮ್ಮ ಕೆಲಸ ನೋಡಿಲ್ಲ, ಕಾಗದ ಮಾತ್ರ ನೋಡಿದ್ದೀನಿ. ಮಧ್ಯಾಹ್ನ ಹೇಳ್ತೀನಿ."

ಅಷ್ಟರಲ್ಲಿ ಫೋನು ಬಂತು. ಮರ್ಲೀನ್ ಎರಡು ನಿಮಿಷ ಕೇಳಿಸಿಕೊಂಡು, ಫೋನನ್ನು ಎದೆಗೆ ಒತ್ತಿ ಹಿಡಿದು ಒಳಗೆ ಬಂದಳು. "ವೃದ್ಧಾಶ್ರಮದಿಂದ ಗೇಲ್. ಅಳೋದೊಂದು ಬಾಕಿ ಇದೆ ಅವಳು. ಹದಿನಾಲ್ಕು ಜನರ ಹಲ್ಲು ಒಂದೇ ಟಬ್ಬಿಗೆ ಹಾಕಿ ತೊಳೆದುಬಿಟ್ಟಿದ್ದಾಳೆ. ಯಾವುದು ಯಾರದು ಅಂತ ಈಗ ಗೊತ್ತಾಗ್ತಿಲ್ಲ."

ಲೂಬಾ ಒಂದು ಕ್ಷಣ ಚಾವಣಿ ನೋಡಿದಳು. ಆಮೇಲೆ ಕೋಟು ಎತ್ತಿಕೊಂಡಳು. "ಬಾರಪ್ಪ, ಕೆಲಸ ನೋಡಬೇಕು ಅಂದ್ಯಲ್ಲ."

ಗೇಲ್ ಐವತ್ತು ದಾಟಿದ ಹೆಂಗಸು. ಧಾನ್ಯದ ಕಂಪನಿಯಲ್ಲಿ ಕೆಲಸ ಹೋದ ಮೇಲೆ ಆಶ್ರಮಕ್ಕೆ ಸೇರಿ ಇನ್ನೂ ತಿಂಗಳಾಗಿರಲಿಲ್ಲ. ಊಟದ ಮನೆಯ ಬಾಗಿಲಲ್ಲೇ ನಿಂತಿದ್ದಳು, ಕೈಯಲ್ಲಿ ಟಬ್ಬು.

"ಒಬ್ಬೊಬ್ಬರದೂ ಬೇರೆ ಡಬ್ಬೀಲಿ ಇತ್ತು ಲೂಬಾ, ಡಬ್ಬಿ ಮೇಲೆ ಹೆಸರೂ ಇತ್ತು. ಒಟ್ಟಿಗೆ ನೆನೆಸಿದ್ರೆ ಬೇಗ ಆಗುತ್ತೆ ಅಂದ್ಕೊಂಡೆ. ತಲೆ ಓಡಲಿಲ್ಲ."

"ಎಲ್ಲರಿಗೂ ಒಂದ್ಸಲ ಓಡಲ್ಲ. ಬಿಸಿನೀರು ಹಾಕಿಲ್ಲ ತಾನೆ? ಅದಕ್ಕೆ ಸೆಟ್ಟು ಸೊಟ್ಟಗಾಗುತ್ತೆ."

"ಇಲ್ಲಪ್ಪ, ತಣ್ಣೀರೇ."

"ಹಾಗಿದ್ರೆ ಯಾರೂ ಸತ್ತಿಲ್ಲ. ಬಿಳೀ ಬಟ್ಟೆ ಹಾಸು."

ಊಟದ ಮನೆಯಲ್ಲಿ ಹದಿನಾಲ್ಕು ಮಂದಿ ಒಳಸೇರಿದ ಬಾಯಿಗಳೊಂದಿಗೆ ಕಾದಿದ್ದರು. ಮಧ್ಯಾಹ್ನಕ್ಕೆ ಪಿರೋಹಿ, ಅಂದರೆ ಆಲೂಗಡ್ಡೆ ತುಂಬಿದ ಕಡುಬು; ಒಳಗಿನಿಂದ ಈರುಳ್ಳಿ ಹುರಿಯುವ ವಾಸನೆ ಬರುತ್ತಿತ್ತು. ಹಲ್ಲಿಲ್ಲದೆ ಅದನ್ನು ಮೂಸುವುದು ಎಂಥ ಹಿಂಸೆ ಎಂದು ಒಬ್ಬ ಮುದುಕ ಪಿಸಪಿಸ ಬೈಯುತ್ತಿದ್ದ.

ಲೂಬಾ ಕೈಗವಸು ಹಾಕಿಕೊಂಡು ಮೇಜಿನ ಮುಂದೆ ನಿಂತಳು. ಒಬ್ಬರಿಗೆ ಮೇಲಿನದು ಮಾತ್ರ, ಉಳಿದವರಿಗೆ ಮೇಲಿನದೂ ಕೆಳಗಿನದೂ; ಬಟ್ಟೆಯ ಮೇಲೆ ಒಟ್ಟು ಇಪ್ಪತ್ತೇಳು ತುಂಡು. ಒಂದನ್ನು ಎತ್ತಿದಳು, ತಿರುಗಿಸಿದಳು. "ಇದು ನಾರ್ಮನ್ ಫೇರ್‌ದು. ಪೈಪು ಕಚ್ಚಿ ಕಚ್ಚಿ ಈ ಹಲ್ಲು ತಗ್ಗಾಗಿದೆ ನೋಡು. ಬಿಟ್ಟೆ ಅಂತ ಹೆಂಡತಿ ಹತ್ರ ಪ್ರಮಾಣ ಮಾಡಿದ್ದ." ಇನ್ನೊಂದು. "ಇದು ಶಾಲೆಯ ಹಳೇ ಮೇಡಂದು. ಮುಂದಿನ ಎರಡು ಹಲ್ಲಿನ ನಡುವೆ ಸಂದು ಬಿಡಿಸಿದ್ರು. ಹುಟ್ಟಿನಿಂದ ಇತ್ತು, ಇಲ್ದಿದ್ರೆ ಕನ್ನಡಿ ಗುರುತು ಹಿಡಿಯಲ್ಲ ಅಂದ್ರು." ಮತ್ತೊಂದು. "ಇದು ನಂದಲ್ಲ, ಊರಿಗೆ ಬರೋ ಮುಂಚೆ ಎಲ್ಲೋ ಕಟ್ಟಿಸಿದ್ದು. ಇಷ್ಟು ಬೆಳ್ಳಗಿರೋ ಹಲ್ಲು ಯಾವ ಮನುಷ್ಯನಿಗೂ ಬರಲ್ಲ. ಆ ಎಡ್ಮಂಟನ್‌ನವನಿಗೆ ಕೊಡು."

ರೋದೆಲ್ ಮೊದಲು ಬರೆದುಕೊಳ್ಳುತ್ತಿದ್ದ, ಆಮೇಲೆ ಪೆನ್ನು ಜೇಬಿಗೆ ಸೇರಿತು. ಒಂದು ಸೆಟ್ಟನ್ನು ತಾನೇ ಎತ್ತಿ ಕೊಟ್ಟ, ಪರೀಕ್ಷೆ ಮಾಡುವವನಂತೆ. ಅವಳು ಕಣ್ಣು ಮುಚ್ಚಿ ಸೆಟ್ಟಿನ ಅಂಗುಳದ ಮೇಲೆ ಬೆರಳಾಡಿಸಿ ಹೆಸರು ಹೇಳಿದಳು. ಮುದುಕರು ಚಪ್ಪಾಳೆ ತಟ್ಟಿದರು. ಗೇಲ್ ಒಂದೊಂದನ್ನೇ ಮತ್ತೆ ತೊಳೆದು, ಹೆಸರಿನ ಡಬ್ಬಿಗೆ ಹಾಕಿ, ಹಂಚುತ್ತ ಹೋದಳು. ಇಪ್ಪತ್ತು ನಿಮಿಷಕ್ಕೆ ಬಟ್ಟೆ ಖಾಲಿ.

"ಇಂಥದನ್ನ ನಾನು ಎಲ್ಲೂ ನೋಡಿಲ್ಲ ಮೇಡಂ," ಎಂದ ರೋದೆಲ್. "ಸಮಾನ ಅನುಭವ ಅಂದ್ರೆ ಇದೇ."

ಲೂಬಾ ಕೈಗವಸು ತೆಗೆಯುತ್ತಿದ್ದಳು. ಕಿಟಕಿಯ ಪಕ್ಕದಿಂದ ಟೆಕ್ಲಾ ಅಜ್ಜಿ ಕೋಲನ್ನು ನೆಲಕ್ಕೆ ಕುಟ್ಟಿದಳು. "ಏ ಲೂಬಾ, ಇದು ನಂದಲ್ಲ ಕಣೇ."

"ನಿಂದೇ ಅಜ್ಜಿ."

"ಇಲ್ಲಿ ಒತ್ತುತ್ತೆ."

"ರಾತ್ರಿಯೆಲ್ಲ ಹೊರಗಿಟ್ಟಿದ್ರೆ ಬೆಳಿಗ್ಗೆ ಹಾಗೇ ಒತ್ತೋದು. ಒಂದು ಗಂಟೆ ಇರಲಿ, ಕೂತ್ಕೊಳ್ಳುತ್ತೆ."

"ಎಂಬತ್ತೇಳು ವರ್ಷದ ಬಾಯಿ ಕಣೇ ಇದು. ಇದಕ್ಕೆ ಗೊತ್ತಾಗಲ್ವಾ?"

"ಬಾಯಿಗೆ ಗೊತ್ತಿರೋದು ಬರೀ ಜಗಳ ಅಜ್ಜಿ," ಎಂದಳು ಲೂಬಾ, ಸುತ್ತಲೂ ನಗು ಎದ್ದಿತು. ಅಜ್ಜಿ ನಗಲಿಲ್ಲ.

ರೋದೆಲ್ ಆ ಕಡೆ ಹೋಗಿದ್ದ. ಅಜ್ಜಿಯ ಪಕ್ಕದ ಗಾಲಿಕುರ್ಚಿಯಲ್ಲಿ ಅವಳ ತಂಗಿ ಐರೀನ್ ಕೂತಿದ್ದಳು. ಹೋದ ವರ್ಷ ಲಕ್ವ ಹೊಡೆದು ಬಲಗಡೆ ಬಿದ್ದುಹೋಗಿತ್ತು, ಮಾತಿಲ್ಲ. ರೋದೆಲ್ ಕುರ್ಚಿಯ ಮುಂದೆ ಮಂಡಿಯೂರಿ, "ಬಾಯಿ ನೋಡಲಾ ಅಮ್ಮ?" ಎಂದು ಕೇಳಿದ. ಅವಳು ರೆಪ್ಪೆ ಬಡಿದಳು. ಅವನು ಟಾರ್ಚು ಬಿಟ್ಟು ನೋಡಿ, ಎದ್ದು, ಹೊಸದೊಂದು ಜೊತೆ ಕೈಗವಸು ತಂದು ಲೂಬಾಳ ಕೈಯಲ್ಲಿಟ್ಟ.

ಐರೀನಳ ಮೇಲಿನ ಸೆಟ್ಟು ಬಾಯಿ ತೆರೆದ ಕೂಡಲೇ ಸಡಿಲವಾಗಿ ಕೆಳಗೆ ಜಾರಿತು. ಅದರ ಅಂಚು ಹಿಂದೆ, ಲಕ್ವ ಹೊಡೆದ ಕಡೆಯಲ್ಲೇ, ವಸಡನ್ನು ಒತ್ತಿ ಆಗಲೇ ಕೆಂಪು ಮಾಡಿತ್ತು. ಅವಳ ಎಡಗೈ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು. ಅಷ್ಟು ಹೊತ್ತು ಅವಳು ಹಾಗೇ ಕೂತಿದ್ದಳು.

ಲೂಬಾಳಿಗೆ ಎಲ್ಲ ನೆನಪಾಯಿತು. ಎಂಟು ವರ್ಷದ ಹಿಂದೆ ಟೆಕ್ಲಾಳಿಗೆ ಕಟ್ಟಿಕೊಟ್ಟ ವಾರಕ್ಕೇ ಐರೀನ್ ಬಂದಿದ್ದಳು. ಅಕ್ಕನಿಗೆ ಮಾಡಿದಂಥದೇ ಬೇಕು, ಒಂದು ಕೂದಲೂ ಹೆಚ್ಚುಕಮ್ಮಿ ಇರಬಾರದು ಎಂದಿದ್ದಳು. ಅದೇ ಹಲ್ಲು, ಅದೇ ಬಣ್ಣ, ಅದೇ ಸಣ್ಣ ಓರೆ. ಒಂದರ ಅಂಗುಳ ಮಾತ್ರ ಇನ್ನೊಂದಕ್ಕಿಂತ ಚೂರು ಆಳ. ಆಳವಾದದ್ದು ಅಕ್ಕನದು ಎಂದು ಎರಡು ಕ್ಷಣಕ್ಕೆ ಎತ್ತಿಟ್ಟಿದ್ದಳು. ಆಳವಾದದ್ದು ತಂಗಿಯದು.

ಎರಡನ್ನೂ ಬಿಚ್ಚಿಸಿ, ಸೋಂಕು ಕೊಲ್ಲುವ ದ್ರಾವಣದಲ್ಲಿಟ್ಟು, ತೊಳೆದು, ಅದಲುಬದಲು ಮಾಡಿ ಕೊಟ್ಟಳು. ಐರೀನಳಿಗೆ ತಾನೇ ಹಾಕಿ, ಬೆರಳಿಟ್ಟು ಒತ್ತಿ, ಕೂತಿತೇ ಎಂದು ಕಣ್ಣು ನೋಡಿದಳು. ರೆಪ್ಪೆ ಬಡಿಯಿತು. ಕುರ್ಚಿಯ ಹಿಡಿ ಬಿಟ್ಟ ಕೈಯನ್ನು ಲೂಬಾ ಸ್ವಲ್ಪ ಹೊತ್ತು ಹಿಡಿದುಕೊಂಡಳು.

"ತಪ್ಪು ನಂದು," ಎಂದಳು, ಊಟದ ಮನೆಗೆಲ್ಲ ಕೇಳುವ ಹಾಗೆ. "ಟೆಕ್ಲಾ ಅಜ್ಜಿ ಸರಿಯಾಗೇ ಹೇಳಿದ್ಲು. ನಾನು ಕೇಳಲಿಲ್ಲ."

"ಬರೀ ಜಗಳ ಅಂದೆಯಲ್ಲ," ಎಂದಳು ಅಜ್ಜಿ.

"ಅಂದೆ."

"ಪಿರೋಹಿ ತಣ್ಣಗಾಗುತ್ತೆ, ಹೋಗು," ಎಂದು ಅಜ್ಜಿ ತಂಗಿಯ ತಟ್ಟೆ ಎಳೆದುಕೊಂಡು ಸಣ್ಣ ಸಣ್ಣ ಚೂರು ಮಾಡತೊಡಗಿದಳು.

ವಾಪಸು ಬರುವಾಗ ಟ್ರಕ್ಕನ್ನು ಲೂಬಾಳೇ ಓಡಿಸುತ್ತಿದ್ದಳು. ಅರ್ಧ ಕರಗಿದ ಹಿಮ ಗಾಲಿಗೆ ಸಿಕ್ಕಿ ಚಕ್‌ಚಕ್ ಎನ್ನುತ್ತಿತ್ತು. ಧಾನ್ಯದ ಉಗ್ರಾಣ ದಾಟಿದರು.

"ಹದಿನಾಲ್ಕರಲ್ಲಿ ಹನ್ನೆರಡು," ಎಂದ ರೋದೆಲ್. "ನಾನಾಗಿದ್ರೆ ಐದೂ ಹೇಳ್ತಿರಲಿಲ್ಲ. ಮೇಡಂ, ನಾನು ಬರೆದುಬಿಡ್ತೀನಿ. ಸಮಾನ ಅನುಭವ, ಆರು ಗಂಟೆ. ಕೊನೇದು ಬರೆಯಬೇಕು ಅಂತೇನಿಲ್ಲ. ಅಲ್ಲೇ ಸರಿಹೋಯ್ತಲ್ಲ."

"ನೀನಿದ್ದೆ ಅಂತ ಸರಿಹೋಯ್ತು."

"ನೀವೇ ನೋಡಿರ್ತಿದ್ರಿ."

"ಇಲ್ಲಪ್ಪ. ನಾನು ಕೈಗವಸು ತೆಗೆದಾಗಿತ್ತು." ತಿರುವಿನಲ್ಲಿ ಗಾಡಿ ನಿಧಾನ ಮಾಡಿದಳು. "ನೀನು ನಿನ್ನ ಸೆಟ್ಟುಗಳಿಗೆ ಹೆಸರು ಹಾಕ್ತೀಯಾ?"

"ಎಲ್ಲಕ್ಕೂ. ತೆಳು ಕಾಗದದ ಮೇಲೆ ಹೆಸರು ಬರೆದು ಹಿಂದಿನ ಅಂಚಿನಲ್ಲಿ ಹೂತು, ಮೇಲೆ ಪಾರದರ್ಶಕ ಅಕ್ರಿಲಿಕ್ ಹಾಕೋದು. ಹತ್ತು ನಿಮಿಷದ ಕೆಲಸ. ಅದನ್ನ ಕಲಿಸೋ ತರಬೇತಿ ಏಪ್ರಿಲ್ ಹನ್ನೆರಡಕ್ಕೆ ಸಸ್ಕಟೂನಿನಲ್ಲಿದೆ. ವೃದ್ಧಾಶ್ರಮದವರ ಬಾಯಿ ಆರೈಕೆ ಬಗ್ಗೆ. ಪೂರ್ತಿ ದಿನ."

"ಎಷ್ಟು ಗಂಟೆ?"

"ಆರು."

ಲೂಬಾ ಗಟ್ಟಿಯಾಗಿ ನಕ್ಕಳು. "ಮೂರು ವರ್ಷದಿಂದ ಅದರ ಚೀಟಿ ಬರ್ತಿದೆ. ಪ್ರತಿ ಸಲ ಮರ್ಲೀನಳ ಕಸದ ಬುಟ್ಟಿಗೆ ನಾನೇ ಹಾಕಿದ್ದೀನಿ. ನನ್ನ ಸೆಟ್ಟು ನನಗೆ ಗೊತ್ತಾಗಲ್ವಾ, ಹೆಸರು ಹಾಕೋಕೆ ಅದೇನು ಶಾಲೆ ಮಕ್ಕಳ ಸ್ವೆಟರಾ ಅಂತ." ಚಿಕಿತ್ಸಾಲಯದ ಮುಂದೆ ಗಾಡಿ ನಿಲ್ಲಿಸಿದಳು, ಇಂಜಿನ್ ಆರಿಸಲಿಲ್ಲ. "ಕಂಡಿದ್ದೆಲ್ಲ ಬರಿ. ಐರೀನಂದೂ ಬರಿ. ಆರು ಗಂಟೆ ಕಮ್ಮಿ ಅಂತಾನೂ ಬರಿ."

"ಷರತ್ತು ಬೀಳುತ್ತೆ ಮೇಡಂ. ಊರೆಲ್ಲ ನೋಡುತ್ತೆ."

"ನೋಡಲಿ. ಕೇಳಿದವರಿಗೆ ನಾನೇ ಹೇಳ್ತೀನಿ. ಮರ್ಲೀನ್ ಹೇಳೋಕಿಂತ ಮುಂಚೆ ಹೇಳಬೇಕು ಅಷ್ಟೇ."

ಷರತ್ತು ಬಿದ್ದಿತು. ಊರು ನೋಡಿತು. ಇಬ್ಬರು ಕೇಳಿದರು, ಹತ್ತು ಜನ ಕೇಳದೆ ಮುಖ ನೋಡಿದರು, ಹನ್ನೆರಡು ಮಂದಿಗೂ ಲೂಬಾ ಒಂದೇ ಕತೆ ಹೇಳಿದಳು. ಒಬ್ಬರೂ ನೂರೈವತ್ತು ಕಿಲೋಮೀಟರು ಹೋಗಲಿಲ್ಲ.

ಏಪ್ರಿಲ್ ಹನ್ನೆರಡರ ಬೆಳಿಗ್ಗೆ ಸಸ್ಕಟೂನಿನ ಹೋಟೆಲೊಂದರ ಸಭಾಂಗಣದಲ್ಲಿ ಅವಳು ಎರಡನೇ ಸಾಲಿನಲ್ಲಿ ಕೂತಿದ್ದಳು. ಸುಮಾರು ನಲವತ್ತು ಜನ. ಅರ್ಧಕ್ಕರ್ಧ ಮುಖ ಗೊತ್ತಿದ್ದವೇ. ಜೊತೆಯಲ್ಲಿ ಓದಿದವರು, ಸಮ್ಮೇಳನಗಳಲ್ಲಿ ಕಂಡವರು, ಅವಳ ಕೈಕೆಳಗೆ ಕಲಿತು ಈಗ ತಲೆ ನರೆತ ಇಬ್ಬರು. ಪಾಠ ಮಾಡಲು ಬಂದಿದ್ದ ಹುಡುಗಿಗೆ ಇಪ್ಪತ್ತಾರೋ ಇಪ್ಪತ್ತೇಳೋ; ಮೈಕನ್ನು ಮೂರು ಸಲ ಸರಿಮಾಡಿಕೊಂಡಳು. ಅವಳ ಮೊದಲ ಪಾಠ ಇರಬೇಕು.

"ಶುರು ಮಾಡೋ ಮುಂಚೆ ಒಂದು ಪ್ರಶ್ನೆ," ಎಂದಳು ಹುಡುಗಿ. "ನಿಮ್ಮಲ್ಲಿ ಎಷ್ಟು ಜನ ಸೆಟ್ಟುಗಳಿಗೆ ಇದುವರೆಗೂ ಹೆಸರು ಹಾಕಿಲ್ಲ?"

ಒಂದು ಕೈಯೂ ಏಳಲಿಲ್ಲ. ಕೆಲವರು ಮುಂದಿದ್ದ ಕಾಗದ ಓದತೊಡಗಿದರು. ಹುಡುಗಿ ಕಾದಳು, ಅವಳ ಕಿವಿ ಕೆಂಪಾಯಿತು.

ಲೂಬಾ ಕೈ ಎತ್ತಿದಳು. ತೋಳು ಪೂರ್ತಿ ನೀಡಿ, ಹಿಂದಿನ ಗೋಡೆಯವರಿಗೂ ಕಾಣುವಷ್ಟು ಮೇಲಕ್ಕೆತ್ತಿ ಹಾಗೇ ಹಿಡಿದಳು. ಸ್ವಲ್ಪ ಹೊತ್ತಿನ ಮೇಲೆ ಹಿಂದೆಲ್ಲೋ ಒಂದು ಕುರ್ಚಿ ಕಿರ್ ಎಂದಿತು, ಬಟ್ಟೆ ಸರಿದ ಸದ್ದಾಯಿತು, ಅದರ ಪಕ್ಕದಲ್ಲಿ ಇನ್ನೊಂದು. ಹುಡುಗಿಯ ಕಣ್ಣು ಎದ್ದ ಕೈಗಳನ್ನು ಸಾಲಿನಿಂದ ಸಾಲಿಗೆ ಎಣಿಸುತ್ತ ಹಿಂದಕ್ಕೆ ಹೋಗುತ್ತಿತ್ತು. ಲೂಬಾ ತಿರುಗಿ ನೋಡಲಿಲ್ಲ, ಕೈಯನ್ನೂ ಇಳಿಸಲಿಲ್ಲ.