ಮೂರನೇ ಗಡಿಯಾರ

ಸೊಸೆ ಪುಸ್ತಕ ಎದೆಗವುಚಿಕೊಂಡು ಅಡುಗೆಮನೆಗೆ ನುಗ್ಗಿದ ರಭಸಕ್ಕೆ ಅತ್ತೆಯ ಕೈಯಲ್ಲಿದ್ದ ತಟ್ಟೆ ಜಾರಿ ಠಣ್ಣೆಂದಿತು.

“ಅತ್ತೇ! ಸಿಕ್ತು! ನಿಮ್ಮ ಕೇಸಿಗೆ ಸಾಕ್ಷಿ ಸಿಕ್ತು! ಇನ್ನೂರು ವರ್ಷದ ಹಳೇ ಸಾಕ್ಷಿ!”

“ಇನ್ನೂರು ವರ್ಷದ ಹಿಂದೆ ನಾನು ಎಲ್ಲಿದ್ನೇ ಮಾರಾಯ್ತಿ?” ಅಂದರು ಅತ್ತೆ. ನಗು ಬರಲಿಲ್ಲ. ಪಾಪ, ಹೇಗೆ ಬರಬೇಕು? ಮಾರನೇ ದಿನ ಬೆಳಿಗ್ಗೆ ಹತ್ತಕ್ಕೆ ಅವರನ್ನು ಕೆಲಸದಿಂದ ತೆಗೆಯುವವರಿದ್ದರು.

ಅತ್ತೆ ಓಟದ ಮೈದಾನದಲ್ಲಿ ಸಮಯ ಹಿಡಿಯುವವರು. ಇಪ್ಪತ್ತಾರು ವರ್ಷದಿಂದ ಓಟ ಮುಗಿಯುವ ಗೆರೆಯ ಪಕ್ಕದ ಮೆಟ್ಟಿಲ ಮೇಲೆ ಕೂತು, ಓಟ ಶುರು ಮಾಡುವ ಪಿಸ್ತೂಲಿನ ಹೊಗೆ ಕಂಡಾಗ ಗಡಿಯಾರ ಒತ್ತುವುದು, ಓಟಗಾರ್ತಿಯ ಎದೆ ಗೆರೆ ದಾಟಿದಾಗ ಮತ್ತೆ ಒತ್ತುವುದು. ಒಬ್ಬೊಬ್ಬರ ಓಟಕ್ಕೂ ಮೂರು ಗಡಿಯಾರ. ಎರಡು ಹೊಂದಿದರೆ ಅದೇ ಲೆಕ್ಕ, ಮೂರನೆಯದನ್ನು ಕೇಳುವವರೇ ಇಲ್ಲ. ಡ್ರಿಲ್ ಮೇಷ್ಟ್ರದ್ದೂ ಮಿಂಚುವಿನದೂ ಯಾವಾಗಲೂ ಹೊಂದುತ್ತಿತ್ತು. ಮಿಂಚು ಅಂದರೆ ಎರಡು ಮಕ್ಕಳ ತಂದೆ, ಕೈ ಬಹಳ ಚುರುಕು ಅಂತ ಮೈದಾನದವರೇ ಇಟ್ಟ ಹೆಸರು. ಅತ್ತೆಯ ಗಡಿಯಾರ ಮಾತ್ರ ಪ್ರತಿ ಸಲವೂ ಒಂದು ಸೆಕೆಂಡಿನ ಹತ್ತರಲ್ಲಿ ಎರಡು ಭಾಗ ಜಾಸ್ತಿ ತೋರಿಸುತ್ತಿತ್ತು. ಹೊಸ ಕಾರ್ಯದರ್ಶಿ ಹದಿನೆಂಟು ಓಟಗಳ ಚೀಟಿ ಮುಂದೆ ಹಿಡಿದು, “ವಯಸ್ಸಾಯ್ತು ಮೇಡಂ, ಕೈ ನಿಧಾನ ಆಗಿದೆ. ಮನೇಲಿ ಆರಾಮಾಗಿರಿ” ಅಂದಿದ್ದರು. ವಯಸ್ಸಂತೆ ವಯಸ್ಸು! ಐವತ್ತಮೂರು ಒಂದು ವಯಸ್ಸೇ? ಅವತ್ತಿನಿಂದ ಅತ್ತೆ ಸರಿಯಾಗಿ ಊಟ ಮಾಡಿರಲಿಲ್ಲ, ಅದನ್ನು ನೋಡಿ ಸೊಸೆಯೂ ಅರ್ಧಕ್ಕೇ ತಟ್ಟೆ ಬಿಟ್ಟು ಏಳುತ್ತಿದ್ದಳು.

ಸೊಸೆ ಅಂಚೆ ಮೂಲಕ ಮನಶ್ಶಾಸ್ತ್ರ ಓದುತ್ತಿದ್ದಳು. ಅವಳಿಗೆ ಗಟ್ಟಿಯಾಗಿ ಓದಿದರೇ ತಲೆಗೆ ಹತ್ತುವುದು. ಹಾಗಾಗಿ ಬಟ್ಟೆ ಮಡಚುತ್ತಾ ಮಡಚುತ್ತಾ ಅತ್ತೆಗೂ ಆ ಶಾಸ್ತ್ರದ ಚರಿತ್ರೆಯೆಲ್ಲ ಬಾಯಿಪಾಠವಾಗುವ ಹಂತಕ್ಕೆ ಬಂದಿತ್ತು. ಒಂದು ಪಂಗಡದವರು ಮನಸ್ಸನ್ನು ಚೂರು ಚೂರು ಮಾಡಿ, ಇದು ಬಣ್ಣದ ಅನುಭವ, ಇದು ಶಬ್ದದ ಅನುಭವ ಅಂತ ಪಟ್ಟಿ ಮಾಡಿದರು. ಇನ್ನೊಬ್ಬರು ಮಂಚದ ಮೇಲೆ ಮಲಗಿಸಿ ಬಾಲ್ಯ ಕೆದಕಿದರು. ಮತ್ತೊಂದು ಪಂಗಡದವರು ಮನಸ್ಸಿನ ಸುದ್ದಿಯೇ ಬೇಡ, ಹೊರಗೆ ಕಾಣುವ ನಡತೆ ಅಳೆದರೆ ಸಾಕು ಅಂದುಬಿಟ್ಟರು.

“ಸರಿ ಹೋಯ್ತು,” ಅಂದಿದ್ದರು ಅತ್ತೆ. “ಒಬ್ಬ ಮನೆಯ ಇಟ್ಟಿಗೆ ಎಣಿಸ್ದ, ಇನ್ನೊಬ್ಬ ನೆಲಮಾಳಿಗೆಗೆ ಇಳ್ದ, ಮೂರನೆಯವನು ಬಾಗಿಲು ಬಡಿದು ಯಾರು ಆಚೆ ಬರ್ತಾರೆ ಅಂತ ನೋಡ್ದ. ಒಳಗೆ ಹೋಗಿ ಮನೆಯವರನ್ನ ಮಾತಾಡ್ಸಿದೋರು ಒಬ್ಬರೂ ಇಲ್ವೇನೇ?”

“ಅವರು ಆರನೇ ಅಧ್ಯಾಯದಲ್ಲಿ ಬರ್ತಾರೆ ಅತ್ತೆ.”

ಈಗ ಸಿಕ್ಕಿದ್ದು ಮಾತ್ರ ಮೊಟ್ಟಮೊದಲ ಅಧ್ಯಾಯದಲ್ಲಿ, ಬೇಜಾರು ಅಂತ ಸೊಸೆ ಹಾರಿಸಿದ್ದ ಪುಟದಲ್ಲಿ! ನಿಂತಲ್ಲೇ ಉಸಿರು ಬಿಡದೆ ಹೇಳಿದಳು. ಒಂದು ವೀಕ್ಷಣಾಲಯ. ದೂರದರ್ಶಕದೊಳಗೆ ಒಂದು ಸಣ್ಣ ತಂತಿ. ನಕ್ಷತ್ರ ಆ ತಂತಿ ದಾಟುವ ಕ್ಷಣವನ್ನು ಗಡಿಯಾರದ ಟಿಕ್ ಟಿಕ್ ಕೇಳುತ್ತಾ ಗುರುತು ಮಾಡಬೇಕು. ಸಹಾಯಕನ ಲೆಕ್ಕ ಯಜಮಾನನ ಲೆಕ್ಕಕ್ಕಿಂತ ಅರ್ಧ ಸೆಕೆಂಡಿಗೂ ಹೆಚ್ಚು ತಡ. ಯಜಮಾನ ಅವನನ್ನು ಕೆಲಸದಿಂದ ಕಿತ್ತುಹಾಕಿದ. ಇಪ್ಪತ್ತು ವರ್ಷ ಕಳೆದ ಮೇಲೆ ಇನ್ನೊಬ್ಬ ಖಗೋಳ ವಿಜ್ಞಾನಿ ಅದನ್ನು ಓದಿ, ತಾನೂ ತನ್ನ ಸ್ನೇಹಿತರೂ ತಮ್ಮ ತಮ್ಮ ಲೆಕ್ಕ ಹೋಲಿಸಿ ನೋಡಿದರೆ, ಒಬ್ಬರದು ಒಬ್ಬರಿಗೆ ಹೊಂದುವುದೇ ಇಲ್ಲ! ಕಣ್ಣು ಕಂಡದ್ದು ಕೈಗೆ ಮುಟ್ಟಲು ಪ್ರತಿಯೊಬ್ಬರಿಗೂ ಅವರದೇ ಹೊತ್ತು ಬೇಕು. ಆಮೇಲೆ ಬಂದವರು ಮನಸ್ಸಿನ ವೇಗ ಅಳೆಯಲು ಹೊರಟದ್ದೇ ಇದರ ಬೆನ್ನು ಹತ್ತಿ.

“ಅಯ್ಯೋ, ಆ ಸಹಾಯಕ ಏನಾದ?” ಅಂದರು ಅತ್ತೆ.

“ಅವನ ಕೆಲಸ ಹೋಯ್ತು. ನಿಮ್ಮದು ಹೋಗಲ್ಲ. ನಾನು ಬಿಡಲ್ಲ!”

ಮಾರನೇ ದಿನ ಮೈದಾನದ ಕಚೇರಿಯಲ್ಲಿ ಕಾರ್ಯದರ್ಶಿ, ಮೇಷ್ಟ್ರು, ಮಿಂಚು ಮೂವರೂ ಇದ್ದರು. ಸೊಸೆ ಪುಸ್ತಕ ಬಿಚ್ಚಿ ವಕೀಲರನ್ನೂ ಮೀರಿಸುವ ಹಾಗೆ ವಾದ ಶುರು ಮಾಡಿದಳು. “ನಮ್ಮತ್ತೆ ತಡ ಮಾಡ್ತಾರೆ, ಒಪ್ತೀನಿ ಸಾರ್. ಆದ್ರೆ ಯಾವಾಗಲೂ ಅಷ್ಟೇ ತಡ! ಅದು ಅವರ ಸ್ವಂತ ವ್ಯತ್ಯಾಸ. ಪ್ರತಿ ಸಲ ಅವರ ಲೆಕ್ಕದಲ್ಲಿ ಎರಡು ಕಳೆದುಬಿಡಿ, ಸರಿಯಾಗುತ್ತೆ!”

ಕಾರ್ಯದರ್ಶಿ ಕನ್ನಡಕ ತೆಗೆದರು. “ಅಂದ್ರೆ ತಡ ಅಂತ ನೀವೇ ಒಪ್ಪಿಕೊಂಡ್ರಿ. ಬರೆದುಕೊಡ್ತೀರಾ?”

ಸೊಸೆಯ ಮುಖ ಬಿಳಿಚಿಕೊಂಡಿತು. ಉತ್ಸಾಹದ ಭರದಲ್ಲಿ ಅತ್ತೆಯ ಕಾಲ ಕೆಳಗಿನ ನೆಲವನ್ನು ತಾನೇ ಅಗೆದುಬಿಟ್ಟಿದ್ದಳಲ್ಲ! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅತ್ತೆಯ ಕಡೆ ತಿರುಗುವ ಧೈರ್ಯವೂ ಆಗಲಿಲ್ಲ.

ಅತ್ತೆ ಮಾತ್ರ ಬೇರೇನೋ ಯೋಚನೆಯಲ್ಲಿದ್ದರು. “ಅಲ್ಲ ಕಣೇ, ನಕ್ಷತ್ರಕ್ಕೆ ದಾಟೋಕೆ ಒಂದೇ ತಂತಿ. ನಮ್ಮ ಓಟಕ್ಕೆ ಎರಡು ತುದಿ ಇದೆಯಲ್ಲ?”

“ಅಂದ್ರೆ?”

“ಹೊಗೆ ಕಂಡ ಮೇಲೇ ನಾನು ಒತ್ತೋದು. ಅಲ್ಲೂ ತಡ. ಎದೆ ದಾಟಿದ್ದನ್ನ ಕಂಡ ಮೇಲೇ ಒತ್ತೋದು. ಇಲ್ಲೂ ಅಷ್ಟೇ ತಡ. ಆ ತಡ ಈ ತಡ ಹೊಡೆದು ಹೋಯ್ತು. ಮತ್ತೆ ಹೆಚ್ಚಾದ ಎರಡು ಎಲ್ಲಿಂದ ಬಂತು?” ಆಮೇಲೆ ಮಿಂಚುವಿನ ಕಡೆ ತಿರುಗಿದರು. “ನಿಜ ಹೇಳಪ್ಪಾ, ನೀನು ಎದೆ ಗೆರೆ ದಾಟೋದನ್ನ ನೋಡಿ ಒತ್ತೀಯಾ, ದಾಟ್ತಾಳೆ ಅಂತ ಒತ್ತೀಯಾ?”

ಮಿಂಚು ತಲೆ ಕೆರೆದುಕೊಂಡ. “ಹೊಗೆ ಯಾವಾಗ ಬರುತ್ತೆ ಅಂತ ಗೊತ್ತಾಗಲ್ಲ ಅಕ್ಕಾ. ಗೆರೆ ಹತ್ರ ಬರೋದು ಕಾಣುತ್ತಲ್ಲ, ಬೆರಳು ತಾನಾಗೇ ಹೋಗ್ಬಿಡುತ್ತೆ. ಮೇಷ್ಟ್ರೇ ಹಾಗೆ ಹೇಳಿಕೊಟ್ಟಿದ್ದು.”

ಸೊಸೆಗೆ ತಟ್ಟನೆ ಹೊಳೆಯಿತು. ಶುರುವಿನಲ್ಲಿ ತಡ, ಕೊನೆಯಲ್ಲಿ ತಡವೇ ಇಲ್ಲ! ಹಾಗಾದರೆ ಕಡಿಮೆ ತೋರಿಸುತ್ತಿದ್ದವರು ಅವರಿಬ್ಬರು! “ಸಾರ್, ಈಗಲೇ ನೋಡೋಣ! ನಿಮ್ಮ ಮೊಬೈಲು ಸೆಕೆಂಡಿಗೆ ಇನ್ನೂರ ನಲವತ್ತು ಚಿತ್ರ ತೆಗೆಯುತ್ತಲ್ಲ? ಹೊಗೆಯಿಂದ ಗೆರೆವರೆಗೂ ತೆಗೀರಿ, ಆಮೇಲೆ ಎಣಿಸೋಣ. ನಾನೇ ಓಡ್ತೀನಿ!”

ಚಪ್ಪಲಿ ಬಿಟ್ಟು, ದುಪಟ್ಟ ಸೊಂಟಕ್ಕೆ ಬಿಗಿದು ಓಡಿದಳು ನೋಡಿ! ಮೇಷ್ಟ್ರು ಪಿಸ್ತೂಲು ಹಾರಿಸಿದರು, ಅತ್ತೆಯೂ ಮಿಂಚುವೂ ಗಡಿಯಾರ ಹಿಡಿದರು. ನೂರು ಮೀಟರ್, ಒಂದಲ್ಲ, ಮೂರು ಸಲ. ಮೂರನೇ ಸಲ ಗೆರೆ ದಾಟಿ ಅಲ್ಲೇ ಕುಕ್ಕರಿಸಿ ಕೂತಳು, ಆದರೂ ಬಾಯಿ ಸುಮ್ಮನಿರಲಿಲ್ಲ. “ಎಷ್ಟು? ಎಷ್ಟು ಬಂತು?”

ಮೊದಲ ಓಟಕ್ಕೆ ಮಿಂಚುವಿನದು ಹತ್ತೊಂಬತ್ತು ಪಾಯಿಂಟ್ ಎರಡು, ಅತ್ತೆಯದು ಹತ್ತೊಂಬತ್ತು ಪಾಯಿಂಟ್ ನಾಲ್ಕು. ಉಳಿದ ಎರಡರಲ್ಲೂ ಅದೇ ಅಂತರ. ಕಾರ್ಯದರ್ಶಿ ಕಂಪ್ಯೂಟರಿನಲ್ಲಿ ಒಂದೊಂದೇ ಚಿತ್ರ ಸರಿಸಿ ಎಣಿಸಿದರು. ಎಲ್ಲರೂ ಅವರ ಕುರ್ಚಿಯ ಬೆನ್ನಿಗೆ ಮುಗಿಬಿದ್ದಿದ್ದರು. ಎಣಿಸಿ ಭಾಗಿಸಿದರು. ನಂಬಿಕೆ ಬರದೆ ಮತ್ತೆ ಮೊದಲಿನಿಂದ ಎಣಿಸಿದರು.

“ಹತ್ತೊಂಬತ್ತು ಪಾಯಿಂಟ್ ನಾಲ್ಕು,” ಅಂದರು.

ಸೊಸೆ ಅತ್ತೆಯನ್ನು ತಬ್ಬಿಕೊಂಡು ಕುಣಿದೇಬಿಟ್ಟಳು. ಉಳಿದ ಎರಡು ಓಟಗಳಲ್ಲೂ ಅತ್ತೆಯ ಗಡಿಯಾರವೇ ಗೆದ್ದಿತು. ಮೇಷ್ಟ್ರು ಕೆಮ್ಮಿ ಕಿಟಕಿಯ ಕಡೆ ನೋಡಿದರು. ಮಿಂಚು ಮಾತ್ರ ಮನಸಾರೆ ನಕ್ಕು ಅತ್ತೆಯ ಕೈ ಕುಲುಕಿದ.

ಕಾರ್ಯದರ್ಶಿ ನಗಲಿಲ್ಲ. ಪರದೆ ನೋಡುತ್ತಲೇ ಕೇಳಿದರು. “ಮೇಡಂ, ಇಪ್ಪತ್ತೆರಡು ವರ್ಷದ ಕೆಳಗೆ ಇದೇ ಮೈದಾನದಲ್ಲಿ ನಾನು ನೂರು ಮೀಟರ್ ಹತ್ತು ಪಾಯಿಂಟ್ ಒಂಬತ್ತರಲ್ಲಿ ಓಡಿದ್ದೆ. ಹನ್ನೊಂದರೊಳಗೆ ಓಡಿದವನು ನಾನೊಬ್ಬನೇ. ಆ ದಿನ ಮೂರನೇ ಗಡಿಯಾರ ಯಾರ ಹತ್ರ ಇತ್ತು?”

“ನನ್ನ ಹತ್ರ.”

“ನೆನಪಿದೆಯಾ?”

ಸೊಸೆ ಅತ್ತೆಯ ಸೆರಗು ಹಿಡಿದು ಜಗ್ಗಿದಳು. ಮರೆತುಹೋಯ್ತು ಅನ್ನಿ ಅತ್ತೆ, ನಿಮ್ಮ ಕೆಲಸ ಇನ್ನೂ ಅವರ ಕೈಯಲ್ಲೇ ಇದೆ, ಮರೆತುಹೋಯ್ತು ಅಂದುಬಿಡಿ!

ಅತ್ತೆ ಸೆರಗು ಬಿಡಿಸಿಕೊಂಡರು. “ಹನ್ನೊಂದು ಪಾಯಿಂಟ್ ಒಂದು,” ಅಂದರು. “ಅವತ್ತು ಯಾರೂ ಕೇಳ್ಲಿಲ್ಲ ಸಾರ್.”

ಕಾರ್ಯದರ್ಶಿ ಪರದೆ ಆರಿಸಿದರು. ಆಮೇಲೆ ಅತ್ತೆಯನ್ನು ತೆಗೆದುಹಾಕುವ ಪತ್ರವನ್ನು ನಾಲ್ಕಾಗಿ ಹರಿದು ಬುಟ್ಟಿಗೆ ಹಾಕಿದರು.

“ಇವರಿಬ್ಬರಿಗೂ ಒತ್ತೋದು ಹೇಗೆ ಅಂತ ಸೋಮವಾರದಿಂದ ನೀವೇ ಹೇಳಿಕೊಡಿ ಮೇಡಂ,” ಅಂದರು.