ಡಿ ಡ್ರೈವಿನಲ್ಲಿದ್ದ ದನಿ

ಗಂಟಲಿನ ಆಪರೇಷನ್ ಆಗುವ ಮುಂಚೆ ನನ್ನ ಬಾಯಿಗೆ ಹೆದರದವರು ಇರಲಿಲ್ಲ. ಬಟ್ಟೆ ಫ್ಯಾಕ್ಟರಿಯಲ್ಲಿ ನಾನು ಸೂಪರ್‌ವೈಸರ್. ನಲವತ್ತು ಹೊಲಿಗೆ ಮಿಷನ್ನುಗಳು ಒಟ್ಟಿಗೆ ಓಡುವಾಗ ಮೂಲೆಯಲ್ಲಿ ನಿಂತು ‘ನಿಲ್ಸೀ’ ಎಂದು ಒಂದು ಕೂಗು ಹಾಕಿದರೆ ನಲವತ್ತೂ ನಿಲ್ಲುತ್ತಿದ್ದವು. ನಮ್ಮ ಯಜಮಾನರು ಟೈಲ್ಸ್ ಮೇಸ್ತ್ರಿ. ನೆಲದ ಮೇಲೆ ಕೂತು ಕೂತು ಮಂಡಿ ಸವೆಯಿತು, ಕಿವಿ ಸವೆದದ್ದು ಮಾತ್ರ ಇವಳಿಂದ ಎಂದು ಬಂದವರೆದುರೆಲ್ಲ ಹೇಳಿಕೊಂಡು ನಗುತ್ತಿದ್ದರು.

ಗಡ್ಡೆ ದೊಡ್ಡದಾಗಿದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಆಗ ಆಸ್ಪತ್ರೆಯ ಮಾತಿನ ಟೀಚರಮ್ಮ ಒಂದು ದಾರಿ ತೋರಿಸಿದರು. ಸಾವಿರದ ಆರುನೂರು ವಾಕ್ಯಗಳನ್ನು ಓದಿ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಆಮೇಲೆ ನೀವು ಟೈಪ್ ಮಾಡಿದ್ದನ್ನು ಕಂಪ್ಯೂಟರು ನಿಮ್ಮದೇ ದನಿಯಲ್ಲಿ ಹೇಳುತ್ತದೆ ಎಂದರು. ಹನ್ನೊಂದು ದಿನ ಬಾಗಿಲು ಹಾಕಿಕೊಂಡು ಓದಿದೆ. ‘ಕಪ್ಪು ಕೊಡೆ ಮೇಜಿನ ಕೆಳಗಿದೆ’, ‘ಏಳು ಬಾತುಕೋಳಿಗಳು ಯಾರಿಗೂ ಹೇಳದೆ ಹೋದವು’. ತಲೆಬುಡವಿಲ್ಲದ ವಾಕ್ಯಗಳು. ಗಂಟಲು ಉರಿಯುತ್ತಿತ್ತು, ಕೆಲವು ಸಲ ರಕ್ತವೂ ಬಂತು. ಮನೆಯ ಕಂಪ್ಯೂಟರಿನ ಸಿ ಡ್ರೈವ್ ತುಂಬಿಹೋಗಿ ಎಲ್ಲವನ್ನೂ ಡಿ ಡ್ರೈವಿಗೆ ದಾಟಿಸಿದೆವು. ಇನ್ನೊಂದು ಕಡೆಯೂ ಇಟ್ಟುಕೊಳ್ಳಿ ಎಂದು ಟೀಚರಮ್ಮ ಹೇಳಿದ್ದರು. ಮನೆಯಲ್ಲಿರುವುದು ಎಲ್ಲಿ ಹೋಗುತ್ತದೆ ಎಂದು ನಾವಿಬ್ಬರೂ ಉದಾಸೀನ ಮಾಡಿದೆವು. ಅದರಲ್ಲಿ ನನ್ನ ಪಾಲೂ ಇದೆ.

ಆಪರೇಷನ್ ಆಗಿ ಮೂರು ತಿಂಗಳಿಗೆ ಆಸ್ಪತ್ರೆಯವರು ಟೈಪ್ ಮಾಡಿದ್ದನ್ನು ಮಾತಾಗಿಸುವ ಪ್ರೋಗ್ರಾಮ್ ಕೊಟ್ಟರು, ನನ್ನ ರೆಕಾರ್ಡುಗಳನ್ನು ನಾವೇ ಅದಕ್ಕೆ ಹಾಕಿಕೊಳ್ಳಬೇಕಿತ್ತು. ಅಷ್ಟರಲ್ಲಿ ನನ್ನ ಕತ್ತಿನಲ್ಲೊಂದು ತೂತು, ಕೈಯಲ್ಲೊಂದು ನೋಟ್‌ಬುಕ್. ಪ್ರೋಗ್ರಾಮು ಸಿ ಡ್ರೈವಿನಲ್ಲೇ ಕೂರಬೇಕಂತೆ, ಅರವತ್ತು ಜಿಬಿ ಜಾಗ ಬೇಕಂತೆ. ಸಿ ಯಲ್ಲಿ ಉಳಿದಿದ್ದದ್ದು ಮೂರೇ. ಪಕ್ಕದ ಡಿ ಮಾತ್ರ ಮುಕ್ಕಾಲು ಪಾಲು ಖಾಲಿ ಬಿದ್ದಿತ್ತು. ಅಂಗಡಿಗೆ ಒಯ್ಯೋಣ ಎಂದು ಯಜಮಾನರಿಗೆ ಬರೆದು ತೋರಿಸಿದೆ.

“ಇದಕ್ಕೆಲ್ಲ ಅಂಗಡಿ ಯಾಕೆ? ಎಲ್ಲಾ ಓದ್ಕೊಂಡಿದೀನಿ. ಎರಡು ರೂಮಿನ ಮಧ್ಯದ ಗೋಡೆ ಒಡೆದು ಹಾಲ್ ಮಾಡ್ದಂಗೆ ಕಣೇ. ಡಿ ತೆಗೆದುಹಾಕಿ, ಆ ಜಾಗಾನ ಸಿ ಗೆ ಸೇರಿಸೋದು. ಸಾಮಾನು ಮೊದ್ಲು ಹೊರಗಿಡ್ಬೇಕು, ಅಷ್ಟೇ,” ಎಂದರು.

ಭಾನುವಾರ ತಿಂಡಿ ಮುಗಿಸಿ ಕೂತರು. ಪರದೆಯ ಮೇಲೆ ‘ದನಿ’ ಎಂಬ ಫೋಲ್ಡರ್ ಇತ್ತು, ದಿನಾ ಅದನ್ನೇ ಒತ್ತಿ ತೆರೆಯುತ್ತಿದ್ದೆವು. ಅದನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿದರು. ಪೆನ್‌ಡ್ರೈವಿನಿಂದಲೇ ತೆರೆದು, ಒಂದು ವಾಕ್ಯ ಹಾಕಿ ನನಗೆ ಕೇಳಿಸಿದರು. ನನ್ನ ದನಿ ಬಾತುಕೋಳಿಗಳ ವಿಷಯ ಹೇಳಿತು. ಅವರ ಕಣ್ಣು ತುಂಬಿಕೊಂಡಿತು. “ಸಂಜೆ ಹೊತ್ತಿಗೆ ಬೈಸ್ಕೊಳ್ಳೋಕೆ ರೆಡಿಯಾಗಿರ್ತೀನಿ,” ಎಂದರು. ನಾನು ಅಡುಗೆಮನೆಗೆ ಹೋದೆ.

ಹುರುಳಿಕಾಯಿ ನಾರು ತೆಗೆಯುತ್ತಾ ಕೂತವಳಿಗೆ ಏನೋ ಸರಿಯಿಲ್ಲ ಅನ್ನಿಸತೊಡಗಿತು. ಅವತ್ತು ಸಿ ಯಿಂದ ಡಿ ಗೆ ದಾಟಿಸುವಾಗ ಅರ್ಧ ಗಂಟೆ ಹಿಡಿದಿತ್ತು. ಹಸಿರು ಪಟ್ಟಿ ಆಮೆಯ ಹಾಗೆ ತೆವಳುವುದನ್ನು ನೋಡಿ ನೋಡಿ ಬೇಸತ್ತಿದ್ದೆ. ಇವತ್ತು ಪಟ್ಟಿಯೇ ಬರಲಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಕಾಪಿ ಮುಗಿದಿತ್ತು. ಹನ್ನೊಂದು ದಿನದ ಮಾತು ಅಷ್ಟು ಬೇಗ ಹೇಗೆ ಹೋದೀತು?

‘ರೀ’ ಎಂದು ಕೂಗಲು ಬಾಯಿ ತೆರೆದೆ. ಕತ್ತಿನ ತೂತಿನಿಂದ ಬುಸ್ಸೆಂದು ಗಾಳಿ ಬಂತು. ಓಡಿದೆ.

ಡಿ ಆಗಲೇ ಹೋಗಿತ್ತು. ಸಿ ದೊಡ್ಡದಾಗಿತ್ತು. ಪ್ರೋಗ್ರಾಮ್ ಇನ್‌ಸ್ಟಾಲ್ ಆಗುತ್ತಿತ್ತು, ಶೇಕಡಾ ಎಂಟು. ನಾನು ಭುಜ ಹಿಡಿದು ಅಲ್ಲಾಡಿಸಿದೆ. ಅವರು ನನ್ನ ಕೈಯನ್ನು ಪ್ರೀತಿಯಿಂದ ತಟ್ಟಿದರು. “ನೋಡ್ದೆಯಾ? ಒಂದೇ ಏಟಿಗೆ ಆಯ್ತು.”

ನೋಟ್‌ಬುಕ್ಕಿಗೆ ಹುಡುಕಾಡಿದೆ. ಅದು ಅಡುಗೆಮನೆಯಲ್ಲಿತ್ತು. ಓಡಿ ತಂದು ಬರೆದೆ: ‘ಕಾಪಿ ಆಗಿಲ್ಲ ಅನ್ಸುತ್ತೆ. ನಿಲ್ಸಿ.’

ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. “ಆಗ್ಲೇ ತೆರೆದು ಕೇಳಿಸಿದ್ನಲ್ಲೇ. ಮಧ್ಯದಲ್ಲಿ ನಿಲ್ಲಿಸಬಾರ್ದು ಅಂತ ದಪ್ಪಕ್ಷರದಲ್ಲಿ ಹಾಕಿದಾರೆ, ನೋಡು. ಮುಗೀಲಿ, ಆಮೇಲೆ ಇನ್ನೊಂದ್ಸಲ ನೋಡೋಣ.”

‘ನಿಲ್ಸಿ’ ಎಂದು ಇನ್ನೊಮ್ಮೆ ಬರೆದು ಅಡಿಗೆರೆ ಎಳೆದೆ. ಬರೆದದ್ದಕ್ಕೆ ದನಿ ಏರಿಸುವುದು ಹೇಗೆ? ಅಕ್ಷರ ದಪ್ಪ ಮಾಡಿದೆ, ಪೆನ್ಸಿಲ್ಲಿನ ಮೊನೆ ಮುರಿಯಿತು. ಅವರು ನಕ್ಕು, “ಗಾಬರಿ ಬಿದ್ದಿದೀಯ, ಕೂತ್ಕೋ,” ಎಂದು ಕುರ್ಚಿ ಎಳೆದುಕೊಟ್ಟರು. ನಾನೂ ಕೂತೆ. ಯಾಕೆ ಕೂತೆನೋ ದೇವರಿಗೇ ಗೊತ್ತು. ಆಪರೇಷನ್ ಆದ ಮೇಲೆ ನನ್ನ ಮಾತಿನ ಮೇಲೆ ನನಗೇ ಭರವಸೆ ಹೋಗಿತ್ತು. ಪಟ್ಟಿ ನೂರು ಮುಟ್ಟುವವರೆಗೆ ನಲವತ್ತು ನಿಮಿಷ ಇಬ್ಬರೂ ಅದರ ಮುಂದೆ ಕೂತಿದ್ದೆವು.

ಮುಗಿದ ಮೇಲೆ ಪೆನ್‌ಡ್ರೈವ್ ಹಾಕಿ ‘ದನಿ’ ಒತ್ತಿದರು. ಡಿ ಡ್ರೈವ್ ಸಿಗುತ್ತಿಲ್ಲ ಎಂದು ಬಂತು. ಮತ್ತೆ ಒತ್ತಿದರು. ಪೆನ್‌ಡ್ರೈವ್ ತೆಗೆದು, ಊದಿ, ಮತ್ತೆ ಹಾಕಿದರು. ಆ ಮುಖವನ್ನು ನಾನು ನೋಡಬಾರದಿತ್ತು.

ಮಾರನೆಯ ದಿನ ಸಿಪಿಯು ಹೊತ್ತು ಅಂಗಡಿಗೆ ಕೊಟ್ಟು ಬಂದೆವು. ಮೂರು ದಿನ ಬಿಟ್ಟು ಬನ್ನಿ ಎಂದರು. ಹೋದಾಗ ಯಜಮಾನರು ಒಳಗೆ ಬರಲಾರೆ ಎಂದು ಮೆಟ್ಟಿಲ ಮೇಲೇ ಕೂತರು. ರಿಪೇರಿಯವನು ಮೊದಲು ಪೆನ್‌ಡ್ರೈವ್ ತೆರೆದು ತೋರಿಸಿದ.

“ಇದು ಫೋಲ್ಡರ್ ಅಲ್ಲ ಅಮ್ಮಾ, ಶಾರ್ಟ್‌ಕಟ್. ಮೂಲೇಲಿ ಸಣ್ಣ ಬಾಣ ಇದೆ ನೋಡಿ. ಫೋಲ್ಡರ್ ಎಲ್ಲಿದೆ ಅಂತ ತೋರ್ಸೋ ಬೋರ್ಡು ಅಷ್ಟೇ. ಅವತ್ತು ತೆರೆದಾಗ ನಿಮಗೆ ಕೇಳಿಸಿದ್ದು ಡಿ ಯಲ್ಲಿದ್ದಿದ್ದೇ.”

ಏನಾದರೂ ಸಿಕ್ಕಿತೇ ಎಂದು ಬರೆದೆ.

“ಹೆಸರುಗಳು ಸಿಕ್ಕಿವೆ. ಒಳಗೆ ಏನೂ ಉಳಿದಿಲ್ಲ. ಹೊಸ ಪ್ರೋಗ್ರಾಮು ಸರಿಯಾಗಿ ಅದರ ಮೇಲೇ ಹೋಗಿ ಕೂತಿದೆ.” ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. “ಡಿಲೀಟ್ ಆದ ಮೇಲೆ ಹಾಗೇ ಬಿಟ್ಟಿದ್ರೆ ಎಲ್ಲಾ ತೆಗೆದುಕೊಡ್ತಿದ್ದೆ. ಹೋಗ್ಲಿ, ಇನ್‌ಸ್ಟಾಲ್ ಶುರುವಾದಾಗ್ಲಾದ್ರೂ ಪ್ಲಗ್ ಕಿತ್ತುಹಾಕಿದ್ರೆ ಮುಕ್ಕಾಲು ಪಾಲು ಉಳೀತಿತ್ತು. ಆಗ ಯಾರೂ ನೋಡ್ಲಿಲ್ವಾ?”

ನೋಟ್‌ಬುಕ್ ಮುಚ್ಚಿ ಹೊರಗೆ ಬಂದೆ.

ಅವರು ಎದ್ದು ನಿಂತರು. ಮೂರು ದಿನದಿಂದ ಗಡ್ಡ ಕೆರೆದಿರಲಿಲ್ಲ. ಒಳಗೇನೂ ಉಳಿದಿಲ್ಲ ಎಂಬುದು ನನ್ನ ಮುಖ ನೋಡಿಯೇ ತಿಳಿದಿರಬೇಕು, ಅದನ್ನು ಕೇಳಲಿಲ್ಲ. ಬೀದಿಯ ಕಡೆ ನೋಡುತ್ತಾ ಬೇರೊಂದು ಕೇಳಿದರು.

“ನೀನು ನಿಲ್ಸಿ ಅಂತ ಬರ್ದೆಯಲ್ಲ. ಆಗ್ಲೇ ನಿಲ್ಸಿದ್ರೆ ಸಿಗ್ತಿತ್ತಂತಾ?”

ಮೂವತ್ತೆರಡು ವರ್ಷದ ಸಂಸಾರದಲ್ಲಿ ನಾನು ಈ ಮನುಷ್ಯನಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡದ್ದಿಲ್ಲ. ಹೇಳಲು ಹೋದಾಗಲೆಲ್ಲ ನನ್ನ ದನಿ ಕೊನೆಯಲ್ಲಿ ತೆಳ್ಳಗಾಗುತ್ತಿತ್ತು, ಅವರು ತಕ್ಷಣ ಹಿಡಿದುಬಿಡುತ್ತಿದ್ದರು. ಈಗ ಹಿಡಿಯಲು ಅವರಿಗೆ ಏನೂ ಇರಲಿಲ್ಲ. ಇಲ್ಲ ಎಂದು ತಲೆಯಾಡಿಸಿದೆ.

“ಆಗ್ಲೂ ಸಿಗ್ತಿರ್ಲಿಲ್ವಾ?”

ಮತ್ತೆ ತಲೆಯಾಡಿಸಿದೆ.

ಅವರು ಉಸಿರು ಬಿಟ್ಟರು. ಭುಜ ಇಳಿಯಿತು. “ಹಾಗಾದ್ರೆ ನಮ್ಮ ಹಣೇಬರಹ, ಬಿಡು,” ಎನ್ನುತ್ತಾ ಸ್ಕೂಟರಿನ ಕೀಲಿ ತೆಗೆದರು. ಆ ಹಗುರವಾದ ಮುಖ ನೋಡಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕೆನ್ನೆಗೆ ಬಾರಿಸಬೇಕು, ನಲವತ್ತು ನಿಮಿಷ ಟೈಮಿತ್ತು ಕಣ್ರೀ ಎಂದು ಬೀದಿಗೆ ಬೀದಿಯೇ ತಿರುಗಿ ನೋಡುವ ಹಾಗೆ ಕಿರುಚಬೇಕು ಅನ್ನಿಸಿತು. ಅವರ ಹಿಂದೆ ಹತ್ತಿ ಕೂತೆ. ಬೀಳದ ಹಾಗೆ ಸೊಂಟ ಹಿಡಿದುಕೊಂಡೆ. ದಾರಿಯುದ್ದಕ್ಕೂ ಅವರು ಏನೋ ಮಾತಾಡುತ್ತಲೇ ಇದ್ದರು.