ಹಿರಿಯೂರಿನ ಲಾಡ್ಜಿಗೆ ಒಂದು ಫೋನು

ನಮ್ಮ ಮಾಲೀಕರಿಗೆ ಎರಡು ಲಾಡ್ಜುಗಳಿವೆ. ಚಿತ್ರದುರ್ಗದ ಬಸ್ ನಿಲ್ದಾಣದ ಎದುರಿನದರಲ್ಲಿ ಕೌಂಟರು ನನ್ನದು, ಹಿರಿಯೂರಿನದರಲ್ಲಿ ರೇಣುಕಾಳದು. ಅವಳಿಗೆ ಕೆಲಸ ಕಲಿಸಿದವಳು ನಾನೇ. ಇಂಥವರು ಇಳಿದಿದ್ದಾರಾ ಎಂದು ಯಾರಾದರೂ ಕೇಳಿದರೆ ಇದ್ದಾರೆ ಎನ್ನಬಾರದು, ಇಲ್ಲ ಎಂದೂ ಅನ್ನಬಾರದು. ಇಲ್ಲದವರಿಗೆ ಇಲ್ಲ ಎಂದು ಹೇಳಿ, ಇದ್ದವರ ವಿಷಯಕ್ಕೆ ಮಾತ್ರ ಬಾಯಿ ಮುಚ್ಚಿಕೊಂಡರೆ ಕೇಳಿದವನಿಗೆ ಗೊತ್ತಾಗಿಬಿಡುತ್ತದೆ. ಕೇಳಿದವರು ಏನು ತಿಳಿಸಬೇಕೆನ್ನುತ್ತಾರೋ ಅದನ್ನು ಬರೆದುಕೊಂಡು, ಅವರಿಗೆ ಒಮ್ಮೆ ಓದಿ ಹೇಳಬೇಕು. ಅಷ್ಟೇ.

ಬುಧವಾರ ಮಧ್ಯಾಹ್ನ ಹಿರಿಯೂರಿನಿಂದ ನನ್ನ ಚಿಕ್ಕಮ್ಮ ಪ್ಯಾರಿ ಬೀ ಫೋನ್ ಮಾಡಿದಳು.

“ನಾಜಿಮಾ, ನಿನ್ ಮಗಳು ಸಬಾನ ನೋಡ್ದೆ ಕಣೇ. ಬ್ಯಾಗ್ ಹಿಡ್ಕಂಡು ನಿಮ್ ಲಾಡ್ಜ್ ಕಡೆ ಹೋದ್ಲು. ತಾಯಿ ಮನೆ ಇರಾಗ ಲಾಡ್ಜ್ ಯಾಕೆ?”

ಯಾಕೆಂದು ನನಗೆ ಗೊತ್ತಿತ್ತು. ರಂಜಾನ್ ಮುಗಿದ ವಾರ ಸಬಾ, ಗಂಡ ಅರ್ಬಾಜ್ ಹೊಡೆದನೆಂದು ಹೊಳಲ್ಕೆರೆಯಿಂದ ನನ್ನ ಹತ್ತಿರ ಬಂದಿದ್ದಳು. ಅವಳು ಸ್ನಾನಕ್ಕೆ ಹೋದಾಗ ನಾನೇ ಅವನಿಗೆ ಫೋನ್ ಮಾಡಿ, ಇಲ್ಲೇ ಇದ್ದಾಳೆ, ಬಂದು ಕರೆದುಕೊಂಡು ಹೋಗಪ್ಪ ಎಂದಿದ್ದೆ. ಹದಿನಾರು ವರ್ಷ ಊರವರ ಗುಟ್ಟು ಕಾದವಳು ನಾನು. ಸಬಾ ಒದ್ದೆ ತಲೆಯಲ್ಲೇ ಅವನ ಬೈಕ್ ಹತ್ತಿದಳು. ಆಮೇಲೆ ನನ್ನ ಫೋನ್ ಒಂದು ಸಲವೂ ಎತ್ತಿರಲಿಲ್ಲ.

ಹೊಳಲ್ಕೆರೆಯಿಂದ ಹಿರಿಯೂರಿಗೆ ಹೋಗುವವರು ದುರ್ಗದಲ್ಲಿ ಬಸ್ ಬದಲಿಸುತ್ತಾರೆ. ಅಂದರೆ ಅವಳು ನನ್ನ ಎದುರಿಗೇ ಇಳಿದು, ಎದುರಿಗೇ ಹತ್ತಿದ್ದಾಳೆ. ರಸ್ತೆ ದಾಟಲಿಲ್ಲ.

ಎರಡೂ ಲಾಡ್ಜುಗಳಲ್ಲಿ ಇಳಿದವರ ಹೆಸರುಗಳು ನನ್ನ ಕಂಪ್ಯೂಟರಿನಲ್ಲಿ ಕಾಣುತ್ತವೆ. ಹಿರಿಯೂರು ಎಂದಿರುವಲ್ಲಿ ಒತ್ತಿದರೆ ರೂಮಿನ ನಂಬರೂ ಬರುತ್ತದೆ. ಬೆರಳಿಟ್ಟೆ, ತೆಗೆದೆ. ಫೋನ್ ಎತ್ತಿಕೊಂಡೆ.

“ರೇಣುಕಾ, ಸಬಾ ಅಲ್ಲಿಗೆ ಬಂದಾಳಾ?”

“ನಾಜಿಮಕ್ಕಾ, ಯಾರ ವಿಷಯನೂ ನಾವು ಹೇಳಂಗಿಲ್ಲ. ಏನಾರ ತಿಳಿಸಾದಿದ್ರೆ ಬರ್ಕಂತೀನಿ.”

“ಲೇ, ನಾನು ಕಣೇ! ನಿಂಗೆ ಕೆಲ್ಸ ಕಲ್ಸಿದೋಳು.”

“ಅದ್ಕೇ ಭಯ ಅಕ್ಕ. ಹೇಳಿದ್ರೆ ನಾಳೆ ನೀವೇ ಬೈತೀರಿ.”

ಬೈಯುತ್ತಿದ್ದೆ, ನಿಜ. ಇವತ್ತು ತಾಯಿಗೆ ಹೇಳಿದವಳು ನಾಳೆ ಅಣ್ಣ ಎಂದುಕೊಂಡು ಬಂದವನಿಗೂ, ಗಂಡ ಎಂದು ಬಂದವನಿಗೂ ಹೇಳುತ್ತಾಳೆ.

“ಬರ್ಕ ಹಂಗಾದ್ರೆ,” ಎಂದೆ. ಏನೆಂದು ಬರೆಸಲಿ? ಊಟ ಮಾಡಿದಳೋ ಇಲ್ಲವೋ, ಮೈಮೇಲೆ ಎಲ್ಲಾದರೂ ಊತವಿದೆಯೋ, ರಾತ್ರಿ ಒಬ್ಬಳೇ ದೀಪ ಹಾಕಿಕೊಂಡೇ ಮಲಗುತ್ತಾಳೋ. ಕೊನೆಗೆ ಬರೆಸಿದ್ದು ಇಷ್ಟು: “ಈ ಸಲ ಅಮ್ಮಿ ಯಾರಿಗೂ ಹೇಳಲ್ಲ ಅಂತ.”

ರೇಣುಕಾ ನಿಧಾನವಾಗಿ ಓದಿದಳು. “ಸರಿ ಐತಾ ಅಕ್ಕ?”

“ಐತೆ.”

ಐದು ಗಂಟೆಯ ಹೊತ್ತಿಗೆ ಸಬಾಳ ನಂಬರಿನಿಂದ ಕರೆ ಬಂತು.

“ಅಮ್ಮಿ... ಅರ್ಬಾಜ್ ಬಂದು ನಿನ್ ಮುಂದೆ ಅತ್ರೆ?”

“ಅಳ್ಲಿ. ಟವಲ್ ಕೊಡ್ತೀನಿ. ನಮ್ಮಲ್ಲಿ ಬೇಕಾದಷ್ಟು ಅವೆ.”

ನಕ್ಕಳೋ, ಮೂಗು ಒರೆಸಿಕೊಂಡಳೋ ತಿಳಿಯಲಿಲ್ಲ. ಎಲ್ಲಿದ್ದಾಳೆಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

“ಈಗ್ಲೇ ಬರ್ಬೇಡ ಅಮ್ಮಿ. ಯಾವಾಗ ಅಂತ ನಾನೇ ಹೇಳ್ತೀನಿ.”

“ಹೂಂ,” ಎಂದೆ. ಕೌಂಟರಿನ ಮುಂದೆ ಇಬ್ಬರು ಆಧಾರ್ ಕಾರ್ಡ್ ಹಿಡಿದುಕೊಂಡು ನಿಂತಿದ್ದರು. ಕೈಸನ್ನೆಯಲ್ಲೇ ಕೂರಲು ಹೇಳಿದೆ. ಅವಳು ಇಡುವ ತನಕ ನಾನು ಫೋನ್ ಇಡಲಿಲ್ಲ.